ಅರ್ಧದಲ್ಲಿ ಒಂದು ಬಿಳಿ ಕಲ್ಲು

ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಆದರೆ ವಿಮಾನದ ಮಾತಿಗೆ ಬರ ಇಲ್ಲ. ಯಾವ ಊರಿಗೆ ಹೋದರೂ ಏರ್‌ಫೋರ್ಸ್‌ನಲ್ಲಿದ್ದವರು ಒಬ್ಬರಾದರೂ ಸಿಗುತ್ತಾರೆ. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವೇ ಇದೆ. 1965ರ ಭಾರತ-ಪಾಕ್ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಅವರು. ತಮ್ಮ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಅತಿವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದರು, ತಾವು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಕೂಡ ಅದೇ ಯುದ್ಧದಲ್ಲಿ ವಿಮಾನ ಕಳೆದುಕೊಂಡು ಸೆರೆಯಾದವರು. ಹೀಗಾಗಿ ನಮ್ಮಲ್ಲಿ ವಿಮಾನ ಬೀಳುವ ಕತೆ ಎಂದರೆ ಯುದ್ಧದ ಕತೆ. ನೆಲದಿಂದ ಏಳುವಾಗಲೇ ಮಗುಚಿಕೊಳ್ಳುವ ಪುಟ್ಟ ವಿಮಾನಗಳ ಕತೆಯನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಅಂತ.

ನನಗೆ ಕುತೂಹಲ ಇರುವುದು ಮಾತ್ರ ಅದರ ಬಗ್ಗೆಯೇ.

ಕನ್ನಡಿಗರಿಗೆ ಈ ಮಾತು ಬಂದರೆ ಮೊದಲು ನೆನಪಾಗುವುದು ನಟಿ ಸೌಂದರ್ಯ, ಅಲ್ವಾ? 2004ರ ಏಪ್ರಿಲ್ 17, ಶನಿವಾರ. ಲೋಕಸಭೆ ಚುನಾವಣೆಯ ಕಾಲ. ಬಿಜೆಪಿ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದರು. ಬೆಂಗಳೂರಿನ ಜಕ್ಕೂರಿನ ಸಣ್ಣ ವಿಮಾನಗಳ ನಿಲ್ದಾಣದಿಂದ ಎದ್ದ ಸೆಸ್ನಾ 180, ಒಂದೇ ಎಂಜಿನ್‌ನ ಸಣ್ಣ ವಿಮಾನ, ಎದ್ದ ಸ್ವಲ್ಪ ಹೊತ್ತಿಗೇ ಹತ್ತಿರದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ಅವರು, ಅವರ ಅಣ್ಣ ಅಮರನಾಥ್, ಪೈಲಟ್, ಪಕ್ಷದ ಕಾರ್ಯಕರ್ತರೊಬ್ಬರು. ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ. ನಮ್ಮನೆಯಲ್ಲಿ ಟಿವಿ ನೋಡುತ್ತಿದ್ದ ಅಮ್ಮ ಹೇಳಿದ್ದು ಒಂದೇ ಮಾತು: "ಊರು ದಾಟೋಕೂ ಬಿಡ್ಲಿಲ್ವಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ದಾರಿಯಲ್ಲಿ ಎಲ್ಲೋ ಮೋಡಕ್ಕೆ ಸಿಕ್ಕಿ, ಬೆಟ್ಟಕ್ಕೆ ಬಡಿದು ಬಿದ್ದರೆ ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಕಳಿಸಲು ಬಂದವರು ವಾಪಸ್ ಕಾರು ಹತ್ತುವ ಮೊದಲೇ ಬಿದ್ದರೆ? ನಮ್ಮ ಭಾವನ ಮನೆ ಈಗ ಜಕ್ಕೂರಿನ ಆಚೆ ಬದಿಗೇ ಇದೆ. ಅವರ ಟೆರೇಸ್ ಮೇಲೆ ನಿಂತರೆ ತರಬೇತಿ ವಿಮಾನಗಳು ಏಳುವುದು ಕಾಣುತ್ತದೆ. ಭಾವನಿಗೆ ಆ ಸದ್ದು ಕಿವಿಗೆ ಬೀಳುವುದೇ ಇಲ್ಲವಂತೆ. ನಾನು ಹೋದಾಗ ಮಾತ್ರ ಕಾಫಿ ಲೋಟ ಹಿಡಿದು ಸುಮ್ನೆ ನಿಂತಿರುತ್ತೇನೆ.

ನಾನು ಕಣ್ಣಾರೆ ನೋಡಿದ ಅಪಘಾತ ಇಷ್ಟು ದೊಡ್ಡದಲ್ಲ. ಯಾವ ಪೇಪರಿನಲ್ಲೂ ಬಂದ ಹಾಗಿಲ್ಲ. ದಕ್ಷಿಣ ಕೊಡಗಿನ ನಮ್ಮ ಕಡೆಗೆ ಹೊರಗಿನಿಂದ ಬಂದ ಹವ್ಯಾಸಿಯೊಬ್ಬರು ಎರಡು ಸೀಟಿನ ಮೈಕ್ರೋಲೈಟ್ ತಂದಿದ್ದರು. ಮೇಲೆ ತ್ರಿಕೋನದ ಬಟ್ಟೆ ರೆಕ್ಕೆ, ಕೆಳಗೆ ಮೂರು ಚಕ್ರದ ಗಾಡಿ, ಹಿಂದೆ ಫ್ಯಾನ್. ಒಬ್ಬರ ಹಿಂದೆ ಒಬ್ಬರು ಕೂರಬೇಕು. ಗದ್ದೆ ಬಯಲಿನ ಒಂದು ಉದ್ದನೆಯ ಪಟ್ಟಿಯಲ್ಲಿ ಹುಲ್ಲು ಕೊಚ್ಚಿಸಿ ರನ್‌ವೇ ಅಂತ ಮಾಡಿಕೊಂಡಿದ್ದರು. ಹಿಂದಿನ ಸಂಜೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದಿತ್ತು. ಕಾಫಿ ಬೆಳೆಗಾರರಿಗೆಲ್ಲ ಖುಷಿಯೋ ಖುಷಿ. ಇನ್ನೊಂದು ವಾರದೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೇಲಿಂದ ನೋಡಲು ಚೆನ್ನಾಗಿರುತ್ತದೆ, ಈಗಲೇ ಒಂದು ಸುತ್ತು ಹೊಡೆದು ಬರೋಣ ಅಂತ ಅವರ ಸ್ನೇಹಿತರು ಹಿಂದೆ ಹತ್ತಿ ಕೂತರು. ಊಟ ಆಗಿತ್ತು. ಪಂದಿಕರಿ, ಕಡುಬು. ಹೊತ್ತು ಎರಡರ ಮೇಲಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ನೆಲ ಮಾತ್ರ ಇನ್ನೂ ಒದ್ದೆ.

ಗಾಡಿ ಓಡಿತು. ಸದ್ದು ಜೋರಾಗಿಯೇ ಇತ್ತು, ಎಲ್ಲೂ ಕೆಮ್ಮಲಿಲ್ಲ. ಚಕ್ರ ನೆಲ ಬಿಟ್ಟಿದ್ದು ಕಾಣಿಸಿತು, ನಾವು ಚಪ್ಪಾಳೆ ತಟ್ಟಿದೆವು. ಮತ್ತೆ ನೆಲಕ್ಕೆ ಕೂತಿತು. ಮತ್ತೆ ಎದ್ದಿತು. ಆಳೆತ್ತರ ಬಂದಿರಬೇಕು. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಪಟ್ಟಿಯ ಕೊನೆಯ ಬದುವಿಗೆ ಹಿಂದಿನ ಒಂದು ಚಕ್ರ ತಾಗಿತು, ಗಾಡಿ ಅಡ್ಡ ತಿರುಗಿ ಪಕ್ಕದ ಗದ್ದೆಗೆ ಬಿತ್ತು. ಓಡಿ ಹೋದರೆ ಪೆಟ್ರೋಲ್ ವಾಸನೆ. ರೆಕ್ಕೆಯ ಅಲ್ಯೂಮಿನಿಯಂ ಪೈಪ್ ಮಡಚಿಕೊಂಡಿತ್ತು. ಹಿಂದೆ ಕೂತಿದ್ದವರು ಹೆಗಲು ಹಿಡಿದುಕೊಂಡು "ಏನಿಲ್ಲ, ಏನಿಲ್ಲ" ಅನ್ನುತ್ತಿದ್ದರು. ಕೊರಳ ಎಲುಬು ಮುರಿದಿತ್ತು. ಫ್ಯಾನಿನ ಒಂದು ಚೂರು ಮೂರು ಗದ್ದೆ ಆಚೆ ಕಾಫಿ ಗಿಡದಲ್ಲಿ ಸಿಕ್ಕಿಕೊಂಡಿತ್ತು. ಅದು ಯಾರ ತಲೆಗೂ ಬೀಳಲಿಲ್ಲ, ನಮ್ಮ ಪುಣ್ಯ.

ಸಂಜೆಯ ಹೊತ್ತಿಗೆ ಊರಲ್ಲಿ ಕಾರಣಗಳ ಸಂತೆ. ಅಡ್ಡಗಾಳಿ ಹೊಡೆಯಿತು ಅಂತ ಕೆಲವರು. ಎಂಜಿನ್ ಕೈಕೊಟ್ಟಿತು ಅಂತ ಕೆಲವರು. ದೇವರ ಕಾಡಿನ ಮೇಲೆ ಹಾರಲು ಹೊರಟರೆ ಇನ್ನೇನಾಗುತ್ತದೆ ಅಂತ ಇನ್ನು ಕೆಲವರು. ಒಬ್ಬರು ಮಾತ್ರ ಏನೂ ಹೇಳಲಿಲ್ಲ. ನಾವು ಸಾರ್ಜೆಂಟ್ ಮಾವ ಅಂತ ಕರೆಯುವ ಪಕ್ಕದ ತೋಟದವರು. ಏರ್‌ಫೋರ್ಸ್‌ನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಮರುದಿನ ಬೆಳಿಗ್ಗೆ ಅವರು ಗದ್ದೆಗೆ ಹೊರಟಾಗ ನಾನೂ ಹಿಂದೆ ಹೋದೆ.

ಒದ್ದೆ ನೆಲದಲ್ಲಿ ಚಕ್ರದ ಗುರುತು ಗೆರೆ ಎಳೆದ ಹಾಗೆ ಉಳಿದಿತ್ತು. ಮೊದಲು ಮೂರು ಗೆರೆ, ಸಾಕಷ್ಟು ಆಳ. ಮುಂದೆ ಹೋದ ಹಾಗೆ ತೆಳ್ಳಗೆ. ಒಂದು ಕಡೆ ಗೆರೆ ಮಾಯ. ಅಲ್ಲಿಂದ ಸ್ವಲ್ಪ ದೂರಕ್ಕೆ ಎರಡು ಗೆರೆ ದಪ್ಪಗೆ, ಹುಲ್ಲು ಕಿತ್ತು ಬಂದ ಹಾಗೆ. ಮತ್ತೆ ಮಾಯ. ಮಾವ ಹೆಜ್ಜೆ ಹಾಕಿ ಅಳೆದರು, ಪಟ್ಟಿಯ ನಡುವಿಗೆ ಬಂದು ನಿಂತರು. ಅಲ್ಲಿ ಗೆರೆ ಇನ್ನೂ ಆಳವಾಗಿಯೇ ಇತ್ತು.

"ನೋಡು ಮಾರಾಯ, ಇಲ್ಲಿ ಬರುವಾಗಲೇ ಗೊತ್ತಾಗಬೇಕಿತ್ತು. ಭಾರ ಇನ್ನೂ ಚಕ್ರದ ಮೇಲೇ ಉಂಟು."

ಆಮೇಲೆ ವಿವರಿಸಿ ಹೇಳಿದರು. ಸಣ್ಣ ವಿಮಾನದವರಲ್ಲಿ ಒಂದು ಲೆಕ್ಕ ಇದೆ. ರನ್‌ವೇಯ ಅರ್ಧ ದಾಟುವಾಗ, ಏಳಲು ಬೇಕಾದ ವೇಗದಲ್ಲಿ ಶೇ. 70 ಬಂದಿರಬೇಕು. ಬಂದಿಲ್ಲವೋ, ಮರುಮಾತಿಲ್ಲದೆ ಎಂಜಿನ್ ವೇಗ ಇಳಿಸಿ ಬ್ರೇಕ್ ಹಾಕಬೇಕು. (ಹೈಸ್ಕೂಲ್ ಫಿಸಿಕ್ಸ್ ನೆನಪಿದ್ದವರಿಗೆ ಈ 70 ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಒಂದೇ ಸಮನೆ ವೇಗ ಏರುತ್ತಿದ್ದರೆ ವೇಗದ ವರ್ಗ ದೂರದ ಜೊತೆ ಬೆಳೆಯುತ್ತದೆ. ಅರ್ಧದ ವರ್ಗಮೂಲ 0.7ರ ಹತ್ತಿರ.) ಹೀಗೆ ಮಾಡಲು ಅರ್ಧ ಎಲ್ಲಿದೆ ಅಂತ ಮೊದಲೇ ಗೊತ್ತಿರಬೇಕು. ಓಡುವಾಗ ಹುಡುಕಿದರೆ ಸಿಗುವುದಿಲ್ಲ. ಒಂದು ಬಾವುಟ ನೆಡಬೇಕು, ಅಥವಾ ಕಲ್ಲಿಗೆ ಸುಣ್ಣ ಬಳಿದು ಇಡಬೇಕು. ಆ ಪಟ್ಟಿಯಲ್ಲಿ ಕಲ್ಲೂ ಇರಲಿಲ್ಲ, ಬಾವುಟವೂ ಇರಲಿಲ್ಲ.

ಎದ್ದು, ಕೂತು, ಮತ್ತೆ ಎದ್ದದ್ದು ಯಾಕೆ? ಅದಕ್ಕೂ ಕಾರಣ ಇದೆ. ನೆಲಕ್ಕೆ ತೀರಾ ಹತ್ತಿರ ಇರುವಾಗ, ಅಂದರೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಇರುವಷ್ಟು ಎತ್ತರದೊಳಗೆ, ರೆಕ್ಕೆಗೆ ಎದುರಾಗುವ ಎಳೆತ ಕಡಿಮೆಯಾಗುತ್ತದೆ. ಹಾಗಾಗಿ ಸಾಕಷ್ಟು ವೇಗ ಇಲ್ಲದೆಯೂ ವಿಮಾನ ನೆಲ ಬಿಟ್ಟುಬಿಡುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಆ ಎತ್ತರ ಮೀರಿ ಹೋಗಲು ಮಾತ್ರ ಅದಕ್ಕೆ ಶಕ್ತಿ ಸಾಲದು. ಅಲ್ಲೇ ತೇಲುತ್ತಾ ರನ್‌ವೇ ಮುಗಿಸಿಬಿಡುತ್ತದೆ. ನೆಲ ಬಿಟ್ಟ ಮೇಲೆ ಪೈಲಟ್‌ಗೂ "ಇನ್ನೇನು ಹೋದೆ" ಅನಿಸುವುದು ಸಹಜ. ಆಗ ಕೈ ಎಂಜಿನ್ ವೇಗ ಇಳಿಸಲು ಒಪ್ಪುವುದಿಲ್ಲ.

ಇದರಲ್ಲಿ ಕೊಡಗಿನ ಪಾಲೂ ಇದೆ. ನಮ್ಮ ಗದ್ದೆ ಬಯಲುಗಳು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲೆ. ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ, ಬಿಸಿಲು ಏರಿದರೆ ಇನ್ನೂ ತೆಳ್ಳಗಾಗುತ್ತದೆ. ರೆಕ್ಕೆಗೂ ಹಿಡಿತ ಕಡಿಮೆ, ಫ್ಯಾನಿಗೂ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಲೆಕ್ಕ ಹಾಕಿದರೆ 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ನಮ್ಮ 850 ಮೀಟರ್ ಎತ್ತರ ವಿಮಾನದ ಪಾಲಿಗೆ 1600 ಮೀಟರ್ ಆಗುತ್ತದೆ. ತಡಿಯಂಡಮೋಳ್ ತುದಿಯೇ 1748 ಮೀಟರ್. ನಾವು ಗದ್ದೆಯಲ್ಲಿ ನಿಂತಿದ್ದೇವೆ, ವಿಮಾನ ಬೆಟ್ಟದ ಮೇಲಿಂದ ಏಳುತ್ತಿದೆ!

ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನ ಹಾರಿಸುವವರಿಗೆ ಅಂತ ಒಂದು ಕೈಪಿಡಿ ಮಾಡಿದೆ. ಅದರ ಪ್ರಕಾರ ಪ್ರತಿ 1000 ಅಡಿ ಎತ್ತರಕ್ಕೆ ಏಳಲು ಬೇಕಾದ ದೂರ ಶೇ. 10 ಜಾಸ್ತಿ. ಪ್ರತಿ 10 ಡಿಗ್ರಿ ಬಿಸಿಗೆ ಮತ್ತೆ ಶೇ. 10. ಒಣ ಹುಲ್ಲಾದರೆ ಶೇ. 20, ಒದ್ದೆ ಹುಲ್ಲಾದರೆ ಶೇ. 30. ತೂಕ ಶೇ. 10 ಏರಿದರೆ ದೂರ ಶೇ. 20 ಏರುತ್ತದೆ. ಇವನ್ನು ಕೂಡಿಸುವ ಹಾಗಿಲ್ಲ, ಗುಣಿಸಬೇಕು. ತಂಪು ಹೊತ್ತಿನಲ್ಲಿ, ಕಡಲ ತೀರದಲ್ಲಿ, ಡಾಂಬರಿನ ಮೇಲೆ 200 ಮೀಟರ್ ಸಾಕು ಅನ್ನುವ ವಿಮಾನಕ್ಕೆ ಹೂಮಳೆ ಬಿದ್ದ ಮರುದಿನ ನಮ್ಮ ಗದ್ದೆಯಲ್ಲಿ 400 ಬೇಕು. ತೂಕವೂ ಸ್ವಲ್ಪ ಜಾಸ್ತಿ ಇದ್ದರೆ 480. ಒಂದೊಂದನ್ನೇ ತೆಗೆದುಕೊಂಡರೆ ಯಾವುದೂ ದೊಡ್ಡ ತಪ್ಪು ಅನಿಸುವುದಿಲ್ಲ. ಸ್ವಲ್ಪ ಮಳೆ, ಸ್ವಲ್ಪ ಬಿಸಿಲು, ಹೊಟ್ಟೆ ತುಂಬ ಊಟ.

ಈ ಲೆಕ್ಕವನ್ನೆಲ್ಲ ಓದುವಾಗ ಸಿಕ್ಕಿದ್ದು ಶಯನ್ ಅನ್ನುವ ಊರಿನ ಕತೆ. ಅಮೆರಿಕದ ವಯೋಮಿಂಗ್ ರಾಜ್ಯದ್ದು. 1996ರಲ್ಲಿ ಜೆಸ್ಸಿಕಾ ಡುಬ್ರಾಫ್ ಎಂಬ ಏಳು ವರ್ಷದ ಹುಡುಗಿ ಅಮೆರಿಕದ ಈ ತೀರದಿಂದ ಆ ತೀರಕ್ಕೆ ವಿಮಾನ ನಡೆಸುತ್ತಾಳೆ ಅಂತ ದೊಡ್ಡ ಸುದ್ದಿ. ಜೊತೆಗೆ ಅಪ್ಪ, ಮತ್ತು ಅವಳಿಗೆ ಕಲಿಸುತ್ತಿದ್ದ ಪೈಲಟ್. ನಿಜವಾದ ಹೊಣೆ ಇದ್ದದ್ದು ಆ ಪೈಲಟ್ ಮೇಲೆ. ಕ್ಯಾಲಿಫೋರ್ನಿಯಾದ ಕಡಲ ತೀರದ ಹಾಫ್ ಮೂನ್ ಬೇ ಇಂದ ಹೊರಟು ಮೊದಲ ದಿನ ಶಯನ್‌ನಲ್ಲಿ ಉಳಿದರು. ಮರುದಿನ, ಏಪ್ರಿಲ್ 11ರ ಬೆಳಿಗ್ಗೆ, ಟಿವಿಯವರ ಜೊತೆ ಮಾತಾಡಿ ಹೊರಡುವ ಹೊತ್ತಿಗೆ ಗುಡುಗು ಮಳೆ ಮೇಲೆಯೇ ಬಂದಿತ್ತು. ಆ ರನ್‌ವೇ ಇರುವುದು ಸುಮಾರು 1870 ಮೀಟರ್ ಎತ್ತರದಲ್ಲಿ. ಅಂದರೆ ನಮ್ಮ ತಡಿಯಂಡಮೋಳ್ ತುದಿಗಿಂತಲೂ ಮೇಲೆ. ವಿಮಾನದಲ್ಲಿ ಇರಬೇಕಾದ್ದಕ್ಕಿಂತ ಸುಮಾರು 43 ಕೆ.ಜಿ. ತೂಕ ಹೆಚ್ಚಿತ್ತು. ಎದ್ದ ಸ್ವಲ್ಪ ಹೊತ್ತಿಗೇ ಅದು ಮನೆಗಳ ನಡುವಿನ ರಸ್ತೆಗೆ ಬಿತ್ತು. ಮೂವರೂ ಸತ್ತರು.

ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ಕಾರಣದಲ್ಲಿ ಮಗುವಿನ ಕೈ ಇಲ್ಲ, ಕೆಟ್ಟ ಎಂಜಿನ್ ಇಲ್ಲ. ಕೆಡುತ್ತಿದ್ದ ಹವೆಯಲ್ಲಿ, ಹೆಚ್ಚು ತೂಕ ಹೊತ್ತು, ಪೈಲಟ್‌ಗೆ ರೂಢಿ ಇಲ್ಲದಷ್ಟು ತೆಳ್ಳಗಿನ ಗಾಳಿಯಲ್ಲಿ ಏಳಲು ಹೊರಟ ತೀರ್ಮಾನವೇ ಕಾರಣ ಅಂತ ಬರೆದರು. ಮುಟ್ಟಬೇಕಾದ ಊರಿನ ಪಟ್ಟಿ, ಪ್ರಚಾರದ ಭರಾಟೆ ಕೂಡ ಒತ್ತಡ ಹಾಕಿತ್ತು ಅಂತ ಸೇರಿಸಿದರು. ಲೈಸೆನ್ಸ್ ಇಲ್ಲದ ಮಕ್ಕಳ ಇಂಥ ದಾಖಲೆಯ ಹುಚ್ಚಿಗೆ ಅದೇ ವರ್ಷ ಕಾನೂನು ತಡೆ ಹಾಕಿತು. ಅದು ಸರಿಯೇ. ನನಗೆ ಮಾತ್ರ ಕಾಡುವುದು ಆ ಟಿವಿ ಕ್ಯಾಮೆರಾ. ನಮ್ಮ ಗದ್ದೆಯಲ್ಲಿ ಚಪ್ಪಾಳೆ ತಟ್ಟಲು ನಿಂತಿದ್ದ ನಾವೂ ಅದೇ ಕೆಲಸ ಮಾಡುತ್ತಿದ್ದೆವಲ್ಲ ಅನಿಸುತ್ತದೆ. ಇಷ್ಟು ಜನ ಬಂದಿದ್ದಾರೆ, ಊಟ ಹಾಕಿದ್ದಾರೆ, ಸ್ನೇಹಿತ ಹೆಲ್ಮೆಟ್ ಹಾಕಿ ಕೂತಿದ್ದಾನೆ. ಇವತ್ತು ಬೇಡ ಅಂತ ಹೇಳುವುದು ಹೇಗೆ? ಕೊಡಗಿನಲ್ಲಂತೂ ಬಂದವರನ್ನು ಬರಿಗೈಲಿ ಕಳಿಸಿ ಗೊತ್ತಿಲ್ಲ. ಮೋಡ ನೋಡಿ, ಬಂದವರ ಮುಖ ನೋಡಿ, "ಸರಿ, ಒಂದು ಸುತ್ತು" ಅನ್ನುವವರೇ ನಾವೆಲ್ಲ.

ಸುಣ್ಣ ಬಳಿದ ಕಲ್ಲಿಗೆ ಈ ಮುಲಾಜು ಇರುವುದಿಲ್ಲ. ಸಾರ್ಜೆಂಟ್ ಮಾವ ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ಬೆಳಿಗ್ಗೆ ತಲೆ ತಣ್ಣಗಿರುವಾಗ ನಡೆದುಕೊಂಡು ಹೋಗಿ ಕಲ್ಲು ಇಟ್ಟು ಬಂದಿರುತ್ತೀರಿ. ಮಧ್ಯಾಹ್ನ ಎಲ್ಲರ ಮುಂದೆ ಓಡುವಾಗ ಹೊಸದಾಗಿ ಯೋಚಿಸುವ ಕೆಲಸ ಇಲ್ಲ. ಕಲ್ಲು ಬಂತು, ವೇಗದ ಮೀಟರಿನ ಮುಳ್ಳು ಎಲ್ಲಿದೆ ನೋಡಿದಿರಿ, ಸಾಲದಿದ್ದರೆ ಎಂಜಿನ್ ವೇಗ ಇಳಿಸಿದಿರಿ. ಯಾರಿಗೂ ಕಾರಣ ಹೇಳಬೇಕಿಲ್ಲ, ಕಲ್ಲಿನ ಕಡೆ ಕೈ ತೋರಿಸಿದರೆ ಆಯಿತು.

ಆದರೆ ಎಂಜಿನ್ ನಿಜಕ್ಕೂ ಕೈಕೊಟ್ಟರೆ? ಅಂದು ಹಾಗಾಗಲಿಲ್ಲ, ಆಗುವುದೇ ಇಲ್ಲ ಅಂತಲ್ಲ. ಹಳೆಯ ಮೈಕ್ರೋಲೈಟ್‌ಗಳಲ್ಲಿ ಬಹಳಷ್ಟಕ್ಕೆ ಟೂ ಸ್ಟ್ರೋಕ್ ಎಂಜಿನ್. ನಮ್ಮ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ನಿನ ದೊಡ್ಡಣ್ಣ ಅಂದುಕೊಳ್ಳಿ. ಪೆಟ್ರೋಲಿಗೆ ಆಯಿಲ್ ಬೆರೆಸುವುದು ಸ್ವಲ್ಪ ಕಡಿಮೆಯಾದರೆ ಆ ಮೆಷಿನ್ ಹೇಗೆ ಒಂದೇ ಸಲಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ ಅಂತ ಅದನ್ನು ಹೆಗಲಿಗೆ ಹಾಕಿಕೊಂಡವರಿಗೆ ಗೊತ್ತು. ಮಂಜಿನ ದಿನಗಳಲ್ಲಿ ಇನ್ನೊಂದು ಕಾಟ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ ಅಲ್ಲಿ ತುಂಬಾ ತಂಪಾಗುತ್ತದೆ. ಹೊರಗೆ 20 ಡಿಗ್ರಿ ಇದ್ದರೂ, ಗಾಳಿಯಲ್ಲಿ ತೇವ ಇದ್ದರೆ ಒಳಗೆ ಐಸ್ ಕಟ್ಟಿ ಎಂಜಿನ್ ಸೊರಗಬಹುದು. ಕೊಡಗಿನಲ್ಲಿ ತೇವಕ್ಕೆ ಏನು ಕೊರತೆ?

ಎದ್ದ ಕೂಡಲೇ ಎಂಜಿನ್ ನಿಂತರೆ ಮನಸ್ಸು ಹೇಳುವುದು ಒಂದೇ: ವಾಪಸ್ ತಿರುಗು, ರನ್‌ವೇ ಅಲ್ಲೇ ಹಿಂದೆ ಇದೆ. ಎಷ್ಟೋ ಜನ ಸತ್ತಿರುವುದು ಈ ತಿರುವಿನಲ್ಲೇ. ವಿಮಾನ ವಾಲಿಸಿ ತಿರುಗಿಸಿದರೆ ರೆಕ್ಕೆ ಹಿಡಿತ ಬಿಡದೆ ಇರಲು ಹೆಚ್ಚು ವೇಗ ಬೇಕಾಗುತ್ತದೆ. 45 ಡಿಗ್ರಿ ವಾಲಿದರೆ ಸುಮಾರು ಶೇ. 19 ಹೆಚ್ಚು, 60 ಡಿಗ್ರಿಗೆ ಶೇ. 41. ಎಂಜಿನ್ ನಿಂತ ವಿಮಾನದಲ್ಲಿ ಇಳಿಯುತ್ತಿರುವುದೇ ವೇಗ. ಎರಡೂ ಸಂಧಿಸಿದ ಕಡೆ ಒಂದು ರೆಕ್ಕೆ ಗಾಳಿಯ ಹಿಡಿತ ಬಿಟ್ಟು, ಅಂದರೆ ಸ್ಟಾಲ್ ಆಗಿ, ವಿಮಾನ ಗಿರಕಿ ಹೊಡೆದು ಮೂಗಿನ ಮೇಲೆ ಬೀಳುತ್ತದೆ. ಆ ಎತ್ತರದಿಂದ ಸರಿ ಮಾಡಿಕೊಳ್ಳಲು ಜಾಗ ಸಿಗುವುದಿಲ್ಲ. ಅದಕ್ಕೇ ಕಲಿಸುವವರು ಬೈದು ಬೈದು ಹೇಳುವುದು: ಎದುರಿಗೆ ಏನಿದೆಯೋ ಅಲ್ಲೇ ಇಳಿಸು, ಸ್ವಲ್ಪ ಎಡ ಬಲ ಅಷ್ಟೇ.

ಎದುರಿಗೆ ಏನಿದೆ ಅನ್ನುವುದೇ ಕೊಡಗಿನ ಕಷ್ಟ. ಕಾಫಿ ತೋಟ ಮೇಲಿಂದ ಹಸಿರು ಹಾಸಿಗೆ ಥರ ಕಾಣುತ್ತದೆ. ಅದು ನೆರಳು ಮರಗಳ ತಲೆ. ಸಿಲ್ವರ್ ಓಕ್ ಅಂತೂ ತೆಂಗನ್ನೂ ಮೀರಿ ಬೆಳೆಯುತ್ತದೆ, ಅದರ ಮೈಗೆ ಮೆಣಸಿನ ಬಳ್ಳಿ. ಇಳಿಯಲು ಸಿಗುವುದು ಗದ್ದೆ ಮಾತ್ರ. ಅದೂ ಕೊಯ್ಲು ಮುಗಿದು ಒಣಗಿದ ಜನವರಿ, ಫೆಬ್ರವರಿಯಲ್ಲಿ. ಆಟಿಯ ಮಳೆಗಾಲದಲ್ಲಿ ಹೋದರೆ ಕೆಸರು, ಚಕ್ರ ಹೂತು ಮಗುಚುತ್ತದೆ. ಸಾರ್ಜೆಂಟ್ ಮಾವ ಅವತ್ತು ಪಟ್ಟಿಯ ಕೊನೆಯಲ್ಲಿ ನಿಂತು ಮುಂದಿನ ಬಯಲನ್ನು ಬೆರಳಲ್ಲಿ ತೋರಿಸುತ್ತಾ ಹೋದರು. ಅದು ಪಾಳು ಬಿದ್ದಿದೆ, ಕಾಡು ಗಿಡ. ಅದರಲ್ಲಿ ಶುಂಠಿ ಏರಿ ಮಾಡಿದ್ದಾರೆ, ಆಗದು. ಅಲ್ಲಿ ಹೋಂಸ್ಟೇ ಬಂತು. ಅದಕ್ಕೆ ಕರೆಂಟ್ ಎಳೆದ ತಂತಿ ಅಡ್ಡ ಹೋಗಿದೆ, ಕಾಣ್ತದಾ ನಿನಗೆ? ನನಗೆ ಕಾಣಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಕಂಬ ಕಂಡಿತು, ತಂತಿ ಆಗಲೂ ಕಾಣಲಿಲ್ಲ.

ಈಗ ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಮಿನಿ ವಿಮಾನ ನಿಲ್ದಾಣದ ಮಾತು ಆಗಾಗ ಪೇಪರಿನಲ್ಲಿ ಬರುತ್ತದೆ. ದಕ್ಷಿಣ ಕೊಡಗಿನವರು 2018ರ ಡಿಸೆಂಬರ್‌ನಿಂದ ಮಾಕುಟ್ಟ ಘಾಟಿ ಇಳಿದು ಕಣ್ಣೂರು ಏರ್‌ಪೋರ್ಟ್‌ಗೆ ಹೋಗುತ್ತಾರೆ, ನಮಗೆ ಅದೇ ಹತ್ತಿರ. ಕೂಡಿಗೆ ಬಂದರೆ ಸಣ್ಣ ವಿಮಾನಗಳೇ ಬರಬೇಕು. ಪರ ವಿರೋಧದ ಚರ್ಚೆಯೆಲ್ಲ ಜಾಗ, ಮರ, ಪ್ರವಾಸಿಗರ ಗದ್ದಲದ ಬಗ್ಗೆ. ಆ ಚರ್ಚೆ ಬೇಕು. ಜೊತೆಗೆ ರನ್‌ವೇಯ ಎರಡೂ ತುದಿಯ ಆಚೆ ಏನು ಬಿಡುತ್ತಾರೆ ಅಂತಲೂ ಯಾರಾದರೂ ಕೇಳಲಿ. ಈಗ ಬಯಲು ಇದ್ದರೆ ಹತ್ತು ವರ್ಷದ ಮೇಲೂ ಬಯಲೇ ಇರುತ್ತದಾ, ಇಲ್ಲ ರೆಸಾರ್ಟ್ ಏಳುತ್ತದಾ? ಜಕ್ಕೂರಿನ ಸುತ್ತ ಈಗ ಏನೇನು ಎದ್ದಿದೆ ಅಂತ ಭಾವನ ಟೆರೇಸಿನಿಂದಲೇ ಕಾಣುತ್ತದೆ.

ಇದನ್ನೆಲ್ಲ ಭಾವನಿಗೆ ಹೇಳಿದ್ದೆ. ಕಳೆದ ಸಲ ಬಂದಾಗ ಅವರಿಗೆ ಮಕ್ಕಳನ್ನು ಕರೆದುಕೊಂಡು ಎಲ್ಲಾದರೂ ಮೈಕ್ರೋಲೈಟ್‌ನಲ್ಲಿ ಒಂದು ಸುತ್ತು ಹೋಗುವ ಆಸೆ. ನನ್ನ ಭಾಷಣ ಕೇಳಿ ಕೇಳಿ ಸುಸ್ತಾಗಿ, "ಹಾಗಾದ್ರೆ ನೀನು ಜನ್ಮದಲ್ಲಿ ಹತ್ತಲ್ಲ ಅನ್ನು" ಅಂದರು.

"ಯಾಕೆ ಹತ್ತಲ್ಲ ಭಾವ? ಜನವರಿಯಲ್ಲಿ ಬನ್ನಿ. ಬೆಳಿಗ್ಗೆ, ಮಂಜು ಬಿಟ್ಟ ಮೇಲೆ, ತಿಂಡಿಗೆ ಮೊದಲು."

"ತಿಂಡಿಗೆ ಮೊದಲಾ?" ಅಂದ ಭಾವ ಹೊಟ್ಟೆ ಸವರಿಕೊಂಡು ಅಕ್ಕನ ಕಡೆ ನೋಡಿದರು. ಅಕ್ಕ ಆಗ ತಾನೇ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.